ಎರಡೂ ಕಡೆಯವರು ಒಪ್ಪಿದ ಲೆಕ್ಕ

ಬಂದರಿನ ಮನೆ,
ಜನವರಿ ೯

ಚಿರಂಜೀವಿ ಸೀಗಡಿಗೆ,

ನಿನ್ನ ಚಿಕ್ಕಪ್ಪನ ಆಶೀರ್ವಾದ. ಇನ್ನು ಮೇಲೆ ನನಗೆ ಕಾಗದ ಬರೆಯುವಾಗ ಸ್ವಲ್ಪ ಮರ್ಯಾದೆ ಸೇರಿಸಿ ಬರೆ. ಯಾಕೆಂದರೆ ನಾನೀಗ ಬರೀ ಬೋಟಿನ ಯಜಮಾನನಲ್ಲ, ವಿಜ್ಞಾನಿ. ಮೀನು ಎಣಿಸುವ ಕೆಲಸಕ್ಕೆ ಬಂದರಿನಲ್ಲಿರುವ ಅಷ್ಟೂ ಬೋಟುಗಳಲ್ಲಿ ನನ್ನದನ್ನೇ ಆರಿಸಿದ್ದಾರೆ. ಆರಿಸಿದ್ದಲ್ಲ, ಸಂಘದ ಅಧ್ಯಕ್ಷರು ಚೀಟಿ ಎತ್ತಿದ್ದು ಎಂದು ಹೊಟ್ಟೆಕಿಚ್ಚಿನವರು ಹೇಳಿಕೊಂಡು ತಿರುಗುತ್ತಿದ್ದಾರೆ. ಎತ್ತಿರಲಿ. ಚೀಟಿಗೆ ಬುದ್ಧಿ ಇರಬಾರದು ಎಂದೇನೂ ಇಲ್ಲವಲ್ಲ.

ಏಳನೇ ಕ್ಲಾಸಿನಲ್ಲಿ ಎರಡು ವರ್ಷ ಕೂತವನು ನಾನು. ಎರಡನೇ ವರ್ಷ ಮೇಷ್ಟ್ರು ಪಾಠವನ್ನು ನನಗೆ ವಹಿಸಿ ಟೀ ಕುಡಿಯಲು ಹೋಗುತ್ತಿದ್ದರು, ಅಷ್ಟು ಬಾಯಿಪಾಠವಾಗಿತ್ತು. ಆ ಧೈರ್ಯದಿಂದಲೇ ನಿಮ್ಮ ಒಪ್ಪಂದವನ್ನು ನಿಮ್ಮಪ್ಪನಿಗೆ ಬಿಡಿಸಿ ಹೇಳಿದ್ದೇನೆ. ತಪ್ಪಿದ್ದರೆ ತಿದ್ದು. ಕೊಲ್ಲಿಯಲ್ಲಿ ಚಪ್ಪಟೆ ಮೀನು ಮುಗಿಯುತ್ತಾ ಬಂದಿದೆ, ಮೂರು ವರ್ಷ ಯಾರೂ ಅಲ್ಲಿ ಬಲೆ ಬಿಡಬಾರದು ಎನ್ನುವುದು ನಿಮ್ಮ ಆಫೀಸಿನವರ ಮಾತು. ಮೀನಿದೆ, ನಿಮ್ಮ ದೊಡ್ಡ ಹಡಗಿಗೆ ಹಿಡಿಯಲು ಬರುವುದಿಲ್ಲ ಎನ್ನುವುದು ನಮ್ಮವರ ಮಾತು. ಇಬ್ಬರೂ ಬೈದಾಡಿ ಸುಸ್ತಾದ ಮೇಲೆ ನೀನು ಒಂದು ದಾರಿ ಹುಡುಕಿದೆ. ಎಣಿಕೆ ಬಂದರಿನ ಬೋಟಿನಲ್ಲೇ ನಡೆಯಲಿ, ನಮ್ಮವರೂ ನಿಮ್ಮವರೂ ಒಟ್ಟಿಗೆ ಎಣಿಸಲಿ, ಬಂದ ಲೆಕ್ಕಕ್ಕೆ ಎರಡೂ ಕಡೆಯ ಸಹಿ ಬೀಳಲಿ. ಇಷ್ಟಾದರೂ ಮೀನು ಇರಬೇಕು ಎಂದು ಮೊದಲೇ ಒಂದು ಗೆರೆ ಎಳೆದಿಟ್ಟಿದ್ದೀರಿ. ಲೆಕ್ಕ ಆ ಗೆರೆಯ ಮೇಲಿದ್ದರೆ ಕೊಲ್ಲಿ ತೆರೆದಿರುತ್ತದೆ, ಕೆಳಗಿದ್ದರೆ ಮುಚ್ಚುತ್ತದೆ. ಸಹಿ ಬಿದ್ದ ಮೇಲೆ ಮುಂದಿನ ಎಣಿಕೆಯ ತನಕ ಯಾರೂ ತಕರಾರು ಎತ್ತುವಂತಿಲ್ಲ.

ಮುಚ್ಚಿದರೆ ನಮ್ಮಂಥ ಬೋಟಿನವರು ಆಚೆ ಸಮುದ್ರಕ್ಕೆ ಹೋಗುತ್ತೇವೆ. ಅಣ್ಣನ ದೋಣಿ ಕೊಲ್ಲಿಯ ಬಾಯಿ ದಾಟುವುದಿಲ್ಲ. ಈ ವಯಸ್ಸಿನಲ್ಲಿ ಮೂರು ವರ್ಷ ದಡದಲ್ಲಿ ಕೂತವನು ಮತ್ತೆ ದೋಣಿ ಹತ್ತುವುದುಂಟೇ? ಇದನ್ನು ಅವನು ಬಾಯಿ ಬಿಟ್ಟು ಹೇಳಿಲ್ಲ. ನಾನು ಹೇಳುತ್ತಿದ್ದೇನೆ.

ಫೋನು ಮಾಡಬಾರದೇ ಎಂದು ಕೇಳಿದ್ದೀಯ. ನಿನ್ನ ಫೋನು ಬಂದರೆ ಅಣ್ಣ ಎದ್ದು ಹೊರಗೆ ಹೋಗುತ್ತಾನೆ. ನಾಲ್ಕು ವರ್ಷದ ಹಿಂದೆ ನೀನು ಸಂಘದ ಸಭೆಯಲ್ಲಿ ಆಫೀಸಿನವಳಾಗಿ ನಿಂತು ‘ಮೀನು ಕಡಿಮೆಯಾಗಿದೆ’ ಎಂದಾಗ ಎದ್ದು ಹೋದವನು ಇನ್ನೂ ಹೋಗುತ್ತಲೇ ಇದ್ದಾನೆ. ಕಾಗದ ಬಂದರೆ ಮಾತ್ರ ಹೋಗುವುದಿಲ್ಲ. ನಾನು ಜೋರಾಗಿ ಓದುತ್ತೇನೆ, ಅವನು ಬಲೆಯ ಹರಿದ ಕಣ್ಣು ಕಟ್ಟುತ್ತಾ ಕಿವುಡನ ಹಾಗೆ ಕೂತಿರುತ್ತಾನೆ. ಬೇಕೆಂದೇ ಒಂದು ಸಾಲು ನುಂಗಿ ನೋಡು, ‘ಮಾತು ಕೂಡ್ಲಿಲ್ಲವಲ್ಲ, ಏನೋ ಬಿಟ್ಟೆ’ ಅನ್ನುತ್ತಾನೆ. ಅದಕ್ಕೇ ಕಾಗದ.

ಎಣಿಕೆ ಬೋಟಿನ ಯಜಮಾನನಾದ
ನಿನ್ನ ಚಿಕ್ಕಪ್ಪ


ಆಫೀಸು,
ಜನವರಿ ೧೭

ಪ್ರೀತಿಯ ಚಿಕ್ಕಪ್ಪ,

ವಿಜ್ಞಾನಿಗಳಿಗೆ ನಮಸ್ಕಾರ. ನೀನು ಬಿಡಿಸಿ ಹೇಳಿದ್ದರಲ್ಲಿ ತಿದ್ದುವಂಥದ್ದು ಏನೂ ಇಲ್ಲ.

ನಾನು ಬೋಟಿಗೆ ಬರುವಂತಿಲ್ಲ. ಅದೇ ಕೊಲ್ಲಿಯಲ್ಲಿ ಮೀನು ಹಿಡಿಯುವವರ ಮನೆಯ ಹುಡುಗಿ ಎಣಿಸಲು ಹೋಗಬಾರದು ಎಂದಿದ್ದಾರೆ. ಸರಿಯಾದ ಮಾತೇ. ನನ್ನ ಬದಲು ಒಬ್ಬರು ಡಾಕ್ಟರು ಬರುತ್ತಾರೆ. ಮೀನಿನ ಡಾಕ್ಟರು, ಮಂಡಿನೋವಿಗೆ ಔಷಧಿ ಕೇಳಬೇಡ.

ನಕ್ಷೆಯ ಮೇಲೆ ಚೀಟಿ ಎತ್ತಿಯೇ ಜಾಗಗಳನ್ನು ಗುರುತು ಮಾಡಿದ್ದೇವೆ. ಅಲ್ಲಿ ಮೀನಿರಲಿ, ಬಿಡಲಿ, ಅಲ್ಲೇ ಬಲೆ ಇಳಿಸಬೇಕು. ಅರ್ಧ ಗಂಟೆ ಎಳೆಯಬೇಕು, ಎತ್ತಬೇಕು, ಸಿಕ್ಕಿದ್ದನ್ನು ಅಳೆದು ತೂಗಬೇಕು. ಬಲೆ ನಮ್ಮದು, ಡಾಕ್ಟರು ತರುತ್ತಾರೆ. ನಿನ್ನ ಜಾಣತನವನ್ನೆಲ್ಲ ಗಂಟು ಕಟ್ಟಿ ಚಿಕ್ಕಮ್ಮನ ಕೈಯಲ್ಲಿ ಕೊಟ್ಟು ಹೊರಡು.

ಅಪ್ಪನ ಕೆಮ್ಮು ಹೇಗಿದೆ? ಈ ಸಾಲನ್ನು ನುಂಗಬೇಡ.

ನಿನ್ನ
ಸೀಗಡಿ


ಬಂದರಿನ ಮನೆ,
ಫೆಬ್ರವರಿ ೫

ಚಿರಂಜೀವಿ ಸೀಗಡಿಗೆ,

ಅರ್ಧ ಎಣಿಕೆ ಮುಗಿಯಿತು. ಈಗ ಎರಡು ದಿನ ಬಿಡುವು. ಐಸು, ಡೀಸೆಲ್ಲು ತುಂಬಿಸಿಕೊಂಡು ಮತ್ತೆ ಹೊರಡುತ್ತೇವೆ.

ನಿನ್ನ ಡಾಕ್ಟರು ಬಹಳ ಒಳ್ಳೆಯ ಮನುಷ್ಯ. ಬಂದರು ಬಿಟ್ಟಾಗ ಶುರು ಮಾಡಿದ ವಾಂತಿಯನ್ನು ಬಂದರಿಗೆ ವಾಪಸ್ಸು ಬಂದ ಮೇಲೆಯೇ ನಿಲ್ಲಿಸಿದರು. ಆದರೆ ಎಡಗೈಯಲ್ಲಿ ಬಕೆಟ್ಟು ಹಿಡಿದುಕೊಂಡು ಬಲಗೈಯಲ್ಲಿ ಮೀನು ಅಳೆಯುವುದನ್ನು ಮಾತ್ರ ಬಿಡಲಿಲ್ಲ. ಒಂದೊಂದು ಮೀನನ್ನೂ ಹಲಗೆಯ ಮೇಲೆ ಮಲಗಿಸಿ ಮೂತಿಯಿಂದ ಬಾಲದ ತನಕ ಅಳತೆ. ಆಮೇಲೆ ತಲೆ ಸೀಳಿ, ಕಿವಿಯ ಒಳಗಿಂದ ನುಚ್ಚಿನಷ್ಟು ಕಲ್ಲು ತೆಗೆಯುತ್ತಾರೆ. ಮರದಲ್ಲಿರುವ ಹಾಗೆ ಅದರಲ್ಲೂ ವರ್ಷಕ್ಕೊಂದು ಉಂಗುರ ಇರುತ್ತದಂತೆ, ಎಣಿಸಿದರೆ ವಯಸ್ಸು ತಿಳಿಯುತ್ತದಂತೆ. ನಿನ್ನ ಚಿಕ್ಕಮ್ಮನ ನಿಜವಾದ ವಯಸ್ಸು ತಿಳಿಯಲು ಮದುವೆಯಾದಾಗಿನಿಂದ ಒದ್ದಾಡುತ್ತಿದ್ದೇನೆ, ಈ ದಾರಿ ಹೊಳೆದೇ ಇರಲಿಲ್ಲ ಎಂದೆ. ಡಾಕ್ಟರು ನಕ್ಕರು. ನಕ್ಕದ್ದಕ್ಕೆ ಮತ್ತೆ ಬಕೆಟ್ಟು ಬೇಕಾಯಿತು.

ಆದರೆ ಮಗಳೇ, ನೀವು ಚೀಟಿ ಎತ್ತಿದ ಜಾಗಗಳಿವೆಯಲ್ಲ, ಅಲ್ಲಿ ಮೀನು ಹಾಗಿರಲಿ, ಮೀನಿನ ದೂರದ ನೆಂಟರೂ ಇಲ್ಲ. ಸ್ವಲ್ಪ ಎಡಕ್ಕೆ ಹೋಗೋಣ ಸ್ವಾಮಿ, ಅಲ್ಲಿ ನನಗೆ ಗೊತ್ತಿರುವ ಒಂದು ತಗ್ಗು ಇದೆ ಎಂದು ಗೋಗರೆದೆ. ಊಹೂಂ. ಅಲ್ಲೇ ಬಲೆ ಬಿಟ್ಟೆ, ಅಲ್ಲೇ ಎಳೆದೆ, ಬರೀ ಕಪ್ಪೆಚಿಪ್ಪು ಬಂತು. ಪಕ್ಕದಲ್ಲಿ ಹೋಗುತ್ತಿದ್ದ ಬೋಟಿನವನು ವೈರ್‌ಲೆಸ್ಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, ‘ಏನಣ್ಣಾ, ಇವತ್ತು ಸಮುದ್ರದ ಕಸ ಗುಡಿಸ್ತಿದೀಯಾ’ ಎಂದ. ದಾರಿ ತಪ್ಪಿ ಕೊಲ್ಲಿಗೆ ನುಗ್ಗಿದ ತಿಮಿಂಗಿಲಕ್ಕೆ ಮುಂದೆ ಮುಂದೆ ಹೋಗಿ ಆಚೆಗೆ ದಾರಿ ತೋರಿಸಿದ ಮನುಷ್ಯ ನಾನು. ನಾಲ್ಕು ಜನ ನೋಡುತ್ತಿರುವಾಗ ಖಾಲಿ ಬಲೆ ಎತ್ತಿ ಗೊತ್ತಿರಲಿಲ್ಲ.

ಇನ್ನು ನಿಮ್ಮ ಬಲೆ. ಅದನ್ನು ಮಾಡಿದವನು ಪೂರ್ತಿ ಮೀನಿನ ಪಕ್ಷದವನು. ಕೆಳಹಗ್ಗ ಹಗುರ, ಬಲೆ ನೆಲ ಮುಟ್ಟಿಯೂ ಮುಟ್ಟದ ಹಾಗೆ ತೇಲಿಕೊಂಡು ಹೋಗುತ್ತದೆ. ಚಪ್ಪಟೆ ಮೀನು ಕೆಸರು ಹೊದ್ದು ಮಲಗುವ ಪ್ರಾಣಿ. ನಿಮ್ಮ ಬಲೆ ಮೇಲೆ ಹಾದು ಹೋಗುವಾಗ ಅದು ಮಗ್ಗುಲು ಕೂಡ ಬದಲಿಸುವುದಿಲ್ಲ. ಇಂಥ ಬಲೆಯ ಲೆಕ್ಕಕ್ಕೆ ಸಹಿ ಹಾಕಿ ಕೊಲ್ಲಿ ಮುಚ್ಚುವುದೇ? ಅಣ್ಣನಿಗೆ ಇದನ್ನು ಹೇಳಿದೆ. ಅವನು ದೋಣಿಗೆ ಬಳಿಯಲು ತಂದಿದ್ದ ಬಣ್ಣದ ಡಬ್ಬವನ್ನು ಮುಚ್ಚಿ ಒಳಗಿಟ್ಟ.

ಕೆಮ್ಮು ಹಾಗೇ ಇದೆ. ಆ ಸಾಲನ್ನು ನುಂಗಲಿಲ್ಲ. ಓದಿದ ಮೇಲೆ ಸ್ವಲ್ಪ ಹೊತ್ತು ಅವನು ಕೆಮ್ಮಲಿಲ್ಲ.

ನಿನ್ನ
ಚಿಕ್ಕಪ್ಪ


ಆಫೀಸು,
ಫೆಬ್ರವರಿ ೧೧

ಪ್ರೀತಿಯ ಚಿಕ್ಕಪ್ಪ,

ಖಾಲಿ ಬಂದ ಬಲೆಯೂ ಎಣಿಕೆಯೇ. ಮೀನಿರುವ ಕಡೆ ಮಾತ್ರ ಎಳೆದರೆ ಸಮುದ್ರದ ತುಂಬ ಮೀನಿದೆ ಎಂದು ಲೆಕ್ಕ ಬರುತ್ತದೆ. ಕಸ ಗುಡಿಸುತ್ತಿದ್ದೇನೆ ಎಂದೇ ಅವನಿಗೆ ಹೇಳು, ನಾಚಿಕೆ ಏನಿಲ್ಲ.

ಆ ಬಲೆ ಒಳ್ಳೆಯ ಬಲೆ ಎಂದು ನಾನೂ ಹೇಳುವುದಿಲ್ಲ. ಆದರೂ ಅದನ್ನು ಹಾಗೇ ಬಿಡು. ಒಂದು ಗಂಟನ್ನೂ ಮುಟ್ಟಬೇಡ. ಯಾಕೆಂದು ಊರಿಗೆ ಬಂದಾಗ ಹೇಳುತ್ತೇನೆ. ಇಲ್ಲಿ ಬರೆದರೆ ಅಪ್ಪನಿಗೆ ನಾನು ಮತ್ತೊಮ್ಮೆ ಪಾಠ ಹೇಳಿದ ಹಾಗಾಗುತ್ತದೆ.

ಕೆಮ್ಮಿಗೆ ಆಸ್ಪತ್ರೆಯ ಔಷಧಿ ತೆಗೆದುಕೊಳ್ಳಲಿ. ನಾನು ಹೇಳಿದೆ ಎನ್ನಬೇಡ, ಚಿಕ್ಕಮ್ಮ ಹೇಳಿದಳು ಎನ್ನು.

ನಿನ್ನ
ಸೀಗಡಿ


ಬಂದರಿನ ಮನೆ,
ಮಾರ್ಚ್ ೨

ಚಿರಂಜೀವಿ ಸೀಗಡಿಗೆ,

ನಿನ್ನ ಕಾಗದ ನಾವು ಹೊರಟ ಮೇಲೆ ಬಂದಿದೆ. ಚಿಕ್ಕಮ್ಮ ತೆಗೆದಿಟ್ಟಿದ್ದಳು, ನಿನ್ನೆ ದಡಕ್ಕೆ ಬಂದ ಮೇಲೆ ಓದಿದೆ. ಬಲೆಯ ಚಿಂತೆ ನಿನಗೆ ಬೇಡ. ಹೇಗೆ ಕೊಟ್ಟಿದ್ದರೋ ಹಾಗೇ ಡಾಕ್ಟರಿಗೆ ಒಪ್ಪಿಸಿ, ‘ಸರಿಯಾಗಿದೆ’ ಎಂದು ಅವರ ಕೈಯಿಂದ ಬರೆಸಿಕೊಂಡಿದ್ದೇನೆ.

ಈ ಸಲದ ವಿಷಯ ಕೇಳು. ಜಾಗ ನಿಮ್ಮದೇ, ಹೊತ್ತು ನಿಮ್ಮದೇ, ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಆದರೆ ಬಲೆ ಎತ್ತಿದರೆ ಚಪ್ಪಟೆ ಮೀನು ಡೆಕ್ಕಿನ ಮೇಲೆ ದೋಸೆ ಹರಡಿದ ಹಾಗೆ. ಡಾಕ್ಟರು ವಾಂತಿ ಮಾಡುವುದನ್ನೇ ಮರೆತರು. ಮೀನು ಕೊಲ್ಲಿಯ ಆ ಭಾಗಕ್ಕೆ ಸರಿದಿರಬೇಕು ಎಂದು ತಮಗೆ ತಾವೇ ಹೇಳಿಕೊಂಡರು. ಇರಬಹುದು ಸ್ವಾಮಿ, ಮೀನಿನ ಮನಸ್ಸು ಯಾರು ಬಲ್ಲರು ಎಂದೆ. ಅಳೆದೂ ಅಳೆದೂ ಅವರ ಬೆರಳು ಸುಕ್ಕಾಗಿ ಹೋದವು. ಕಸ ಗುಡಿಸುವವನು ಎಂದವನು ವೈರ್‌ಲೆಸ್ಸಿನಲ್ಲಿ ಈಗ ಉಸಿರೆತ್ತುವುದಿಲ್ಲ.

ಲೆಕ್ಕ ಬೇಗ ಮಾಡು. ಅಣ್ಣ ದಿನಾ ಸಂಜೆ, ‘ಟಪಾಲು ಬಂತಾ’ ಎಂದು ಕೇಳುವುದಿಲ್ಲ. ಟಪಾಲಿನವನು ಬರುವ ಹೊತ್ತಿಗೆ ಬಾಗಿಲಲ್ಲಿ ಕೂತಿರುತ್ತಾನೆ, ಅಷ್ಟೇ.

ನಿನ್ನ
ಚಿಕ್ಕಪ್ಪ


ಆಫೀಸು,
ಏಪ್ರಿಲ್ ೬

ಪ್ರೀತಿಯ ಚಿಕ್ಕಪ್ಪ,

ಇದನ್ನು ಅಪ್ಪನಿಗೆ ಎರಡು ಸಲ ಓದು.

ಲೆಕ್ಕ ಗೆರೆಯ ಮೇಲೆ ಬಂದಿದೆ. ಮೊದಲರ್ಧಕ್ಕೂ ಎರಡನೇ ಅರ್ಧಕ್ಕೂ ಅಷ್ಟು ವ್ಯತ್ಯಾಸ ಯಾಕೆ ಎಂದು ನಾವೆಲ್ಲ ತಲೆ ಕೆಡಿಸಿಕೊಂಡೆವು. ನಾನು ಮೂರು ಸಲ ಮೊದಲಿನಿಂದ ಮಾಡಿ ನೋಡಿದೆ. ಅಳತೆಗಳೆಲ್ಲ ಸರಿಯಾಗಿವೆ. ನಿನ್ನೆ ಎರಡೂ ಕಡೆಯವರ ಸಹಿಯಾಯಿತು. ಕೊಲ್ಲಿ ತೆರೆದಿರುತ್ತದೆ.

ಮೀನು ಕಡಿಮೆಯಾಗಿದೆ ಎಂದು ಆವತ್ತು ಹೇಳಿದವಳೇ, ಇದೆ ಎಂದು ಇವತ್ತು ಹೇಳುತ್ತಿದ್ದೇನೆ. ಎರಡು ಸಲವೂ ಕಂಡದ್ದನ್ನೇ ಹೇಳಿದ್ದು. ಹೀಗೆ ಬರೆದಿದ್ದಾಳೆ ಎಂದು ಅಪ್ಪನಿಗೆ ಹೇಳು.

ನಿನ್ನ
ಸೀಗಡಿ


ಬಂದರಿನ ಮನೆ,
ಏಪ್ರಿಲ್ ೧೪

ಚಿರಂಜೀವಿ ಸೀಗಡಿಗೆ,

ಎರಡು ಸಲ ಓದಿದೆ. ಮೂರನೇ ಸಲ ಅವನೇ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕವಿಲ್ಲದೆ, ಸುಮ್ಮನೆ ಹಿಡಿದುಕೊಂಡು ಕೂತ. ಆಮೇಲೆ, ‘ಸರಿಯಾಗಿ ಎಣಿಸಿದಾಳೆ’ ಎಂದ. ಇಷ್ಟೇ. ಆದರೆ ಈ ನಾಲ್ಕು ವರ್ಷದಲ್ಲಿ ಅವನ ಬಾಯಿಂದ ನಿನ್ನ ಮಾತು ಬಂದದ್ದು ಇದೇ ಮೊದಲು. ಮಾರನೇ ದಿನ ಬಣ್ಣದ ಡಬ್ಬ ಹೊರಗೆ ಬಂತು. ಈಗಲೂ ಅಲ್ಲೇ ಇದ್ದಾನೆ, ದೋಣಿಗಿಂತ ಹೆಚ್ಚು ಬಣ್ಣ ಅಂಗಿಯ ಮೇಲಿದೆ.

ಅವನು ಹತ್ತಿರ ಇಲ್ಲದ್ದರಿಂದ ಒಂದು ಗುಟ್ಟು ಹೇಳುತ್ತೇನೆ, ನಕ್ಕುಬಿಡು. ಬಿಡುವಿನ ಎರಡು ದಿನ ಡಾಕ್ಟರು ಅಲ್ಲಾಡದ ಮಂಚ ಬೇಕೆಂದು ಲಾಡ್ಜಿಗೆ ಹೋಗಿದ್ದರು. ಆಗ ನನ್ನ ಹಳೇ ಸರಪಳಿಯನ್ನು ನಿಮ್ಮ ಬಲೆಯ ಕೆಳಹಗ್ಗಕ್ಕೆ ಉದ್ದಕ್ಕೂ ಬಿಗಿದು, ಮೇಲೆ ಚಿಂದಿ ಹಗ್ಗ ಸುತ್ತಿದೆ. ಮೊದಲೂ ಚಿಂದಿ ಸುತ್ತಿಯೇ ಇತ್ತು, ಆದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ನೋಡಬೇಕಿತ್ತು, ಬಲೆ ಕೆಸರು ಉತ್ತುಕೊಂಡು ಹೋಯಿತು. ಕೊನೆಯ ದಿನ ಸರಪಳಿ ಬಿಚ್ಚಿ, ಬಲೆಯನ್ನು ಮೊದಲಿನ ಹಾಗೇ ಮಾಡಿ ಒಪ್ಪಿಸಿದೆ.

ಮೋಸ ಎನ್ನಬೇಡ. ಇಲ್ಲದ ಮೀನನ್ನು ನಾನು ತಂದು ಹಾಕಲಿಲ್ಲ. ಹಾಜರಿ ಕೂಗುವಾಗ ನಿದ್ದೆ ಮಾಡುತ್ತಿದ್ದವರನ್ನು ತಟ್ಟಿ ಎಬ್ಬಿಸಿದೆ, ಅಷ್ಟೇ. ನಿಮ್ಮ ಆಫೀಸಿನ ಲೆಕ್ಕ ಇಷ್ಟು ವರ್ಷಕ್ಕೆ ಒಂದು ಸಲ ಸರಿಯಾಗಿದ್ದರೆ ಅದು ಈ ಏಳನೇ ಕ್ಲಾಸಿನ ಪುಣ್ಯದಿಂದ.

ವಿಜ್ಞಾನಿ
ಚಿಕ್ಕಪ್ಪ


ಆಫೀಸು,
ಏಪ್ರಿಲ್ ೨೨

ಚಿಕ್ಕಪ್ಪ,

ಇದನ್ನು ಯಾರ ಮುಂದೆಯೂ ಓದಬೇಡ.

ಆ ಬಲೆಯ ಕೆಳಗೆ ಮೀನು ತಪ್ಪಿಸಿಕೊಳ್ಳುತ್ತದೆ ಎಂದು ನಮಗೆ ಗೊತ್ತು. ಮೊದಲಿನಿಂದಲೂ ಗೊತ್ತು. ಕೊಲ್ಲಿಯ ಮೀನನ್ನೆಲ್ಲ ಹಿಡಿದು ಎಣಿಸುವುದು ಯಾರಿಂದಲೂ ಆಗುವುದಿಲ್ಲ. ಅದಕ್ಕೇ ಹಡಗಿನಲ್ಲಿರಲಿ, ಬೋಟಿನಲ್ಲಿರಲಿ, ಪ್ರತಿ ವರ್ಷವೂ ಅದೇ ಬಲೆ, ಅದೇ ಹಗುರ ಹಗ್ಗ. ಪ್ರತಿ ವರ್ಷವೂ ಅಷ್ಟೇ ಪಾಲು ತಪ್ಪಿಸಿಕೊಳ್ಳುತ್ತದೆ. ಸಿಕ್ಕಿದ್ದನ್ನು ಹೋದ ವರ್ಷ ಸಿಕ್ಕಿದ್ದರ ಪಕ್ಕ ಇಟ್ಟು ನೋಡುತ್ತೇವೆ, ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು. ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ತಲೆಯ ಹತ್ತಿರ ಗೆರೆ ಎಳೆಯುತ್ತೀರಲ್ಲ, ಹಾಗೆ. ಈ ವರ್ಷ ನೀನು ಮಗುವಿನ ಕಾಲ ಕೆಳಗೆ ಒಂದು ಮಣೆ ಇಟ್ಟೆ. ಮಗು ಬೆಳೆದಿಲ್ಲ ಚಿಕ್ಕಪ್ಪ.

ಸರಪಳಿ ಇಲ್ಲದ ಮೊದಲರ್ಧವನ್ನಷ್ಟೇ ಹಿಡಿದು ಲೆಕ್ಕ ಮಾಡಿದೆ. ಗೆರೆಯ ಕೆಳಗಿದೆ. ಸ್ವಲ್ಪ ಅಲ್ಲ.

ಗಂಟು ಮುಟ್ಟಬೇಡ ಎಂದು ಬರೆದೆ, ಯಾಕೆಂದು ಬರೆಯಲಿಲ್ಲ. ಬರೆದಿದ್ದರೂ ಆ ಕಾಗದ ನೀವು ಹೊರಟ ಮೇಲೆಯೇ ಬರುತ್ತಿತ್ತು. ಇದನ್ನೇ ದಿನಾ ಹೇಳಿಕೊಳ್ಳುತ್ತಿದ್ದೇನೆ.

ಮೇಲಿನವರಿಗೆ ಎಲ್ಲವನ್ನೂ ಹೇಳಿದ್ದೇನೆ. ನಿನ್ನ ಕಾಗದವನ್ನೂ ಕೊಟ್ಟಿದ್ದೇನೆ. ನೀನೂ ಸಂಘದಲ್ಲಿ ಹೇಳಬೇಕು. ಎರಡೂ ಕಡೆಯವರು ಒಪ್ಪಿದರೆ ಮತ್ತೆ ಎಣಿಸಬಹುದು.

ಸೀಗಡಿ


ಬಂದರಿನ ಮನೆ,
ಮೇ ೧೨

ಚಿರಂಜೀವಿ ಸೀಗಡಿಗೆ,

ನಿನ್ನ ಕಾಗದವನ್ನು ಬೋಟಿನಲ್ಲಿ ಕೂತು ಓದಿದೆ. ಎರಡು ದಿನ ನನಗೆ ಮಾತು ಬರಲಿಲ್ಲ. ಚಿಕ್ಕಮ್ಮ ಜ್ವರವೆಂದು ಹಣೆ ಮುಟ್ಟಿ ನೋಡಿದಳು.

ಆಮೇಲೆ ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಸರಪಳಿ ಕಟ್ಟಿದ್ದು, ಚಿಂದಿ ಸುತ್ತಿದ್ದು, ಬಿಚ್ಚಿದ್ದು, ಎಲ್ಲ. ಲೆಕ್ಕ ತಪ್ಪಾಗಿದೆ, ಮತ್ತೆ ಎಣಿಸೋಣ, ಡೀಸೆಲ್ಲು ನನ್ನದು ಎಂದೆ. ಮೊದಲು ಎಲ್ಲರೂ ಸುಮ್ಮನಿದ್ದರು. ಕೆಲಸ ಆಯಿತು ಎಂದುಕೊಂಡೆ. ಅಷ್ಟರಲ್ಲಿ ಅಧ್ಯಕ್ಷರು, ‘ತಿಮಿಂಗಿಲಕ್ಕೆ ದಾರಿ ತೋರಿಸ್ದೋನೂ ನೀನೇ, ಈಗ ಕೊಲ್ಲೀಲಿ ಮೀನು ಹೆಚ್ಚಿಸ್ದೋನೂ ನೀನೇ. ನಾಳೆ ಸಮುದ್ರಕ್ಕೆ ಉಪ್ಪು ಹಾಕ್ದೋನೂ ನಾನೇ ಅಂತೀಯ, ಕೂತ್ಕೋ’ ಎಂದರು. ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಣೆ ಇಟ್ಟೆ. ಇನ್ನೂ ನಕ್ಕರು. ನನ್ನ ಆಣೆಗಳನ್ನು ಅವರು ಬಹಳ ನೋಡಿದ್ದಾರೆ. ಸರಪಳಿಯನ್ನು ಹೊತ್ತು ತಂದು ತೋರಿಸಿದೆ. ಸರಪಳಿ ಯಾರ ಬೋಟಿನಲ್ಲಿ ಇಲ್ಲ ಎಂದರು.

ನಿಮ್ಮ ಆಫೀಸಿನಿಂದ ಬಂದವರು ಬಲೆಯನ್ನು ಹರಡಿ ನೋಡಿದರು. ಅದರ ಮೇಲೆ ಒಂದು ಗೀರೂ ಇಲ್ಲ. ಅಷ್ಟು ಅಚ್ಚುಕಟ್ಟಾಗಿ ಬಿಚ್ಚಿದ್ದೇನೆ. ನನ್ನ ಜೀವಮಾನದಲ್ಲಿ ಅಷ್ಟು ಶುದ್ಧವಾಗಿ ಮಾಡಿದ ಕೆಲಸ ಬೇರೆ ಇಲ್ಲ.

ಸಭೆಯ ಸುದ್ದಿ ಅಣ್ಣನ ಕಿವಿಗೆ ಬಿತ್ತು. ಬೆಳಗಿನ ಮೀನು ತೂಗಿಸಿ ಬಂದವನು ನನ್ನ ಮುಂದೆ ನಿಂತ. ‘ಅವಳು ವರ್ಷಗಟ್ಟಲೆ ಓದಿ ಒಂದು ಲೆಕ್ಕ ಮಾಡಿದ್ರೆ, ಅದ್ರಲ್ಲೂ ನಿನಗೊಂದು ಪಾಲು ಬೇಕಾ’ ಎಂದ. ಬೈಯಲಿಲ್ಲ. ಬೈದಿದ್ದರೆ ಜಗಳವಾಡಿಯಾದರೂ ಹೇಳುತ್ತಿದ್ದೆ.

ನಿನ್ನ
ಚಿಕ್ಕಪ್ಪ


ಆಫೀಸು,
ಜೂನ್ ೩

ಪ್ರೀತಿಯ ಚಿಕ್ಕಪ್ಪ,

ಇಲ್ಲಿಯೂ ಮುಗಿಯಿತು. ಸಹಿಯಾದ ಲೆಕ್ಕದ ಮೇಲೆ ಮುಂದಿನ ಎಣಿಕೆಯ ತನಕ ಯಾರೂ ತಕರಾರು ಎತ್ತುವಂತಿಲ್ಲ, ಎರಡೂ ಕಡೆ ಒಪ್ಪಿದರೆ ಮಾತ್ರ ಬೇರೆ ಮಾತು. ನಿಮ್ಮ ಸಂಘ ಒಪ್ಪುವುದಿಲ್ಲ ಎಂದು ಬರೆದು ಕಳಿಸಿದೆ. ಆ ಸಾಲನ್ನು ಒಪ್ಪಂದಕ್ಕೆ ಸೇರಿಸಿದವಳು ನಾನು. ಲೆಕ್ಕ ಕಡಿಮೆ ಬಂದರೆ ನಿಮ್ಮವರು ಹಿಂದೆ ಸರಿಯುತ್ತಾರೆ ಎಂದು ಹೆದರಿ, ಹಟ ಹಿಡಿದು ಸೇರಿಸಿದ್ದೆ.

ಡಾಕ್ಟರು ಸರಪಳಿಯನ್ನು ತಾವು ನೋಡಲಿಲ್ಲ ಎಂದು ಬರೆದುಕೊಟ್ಟರು. ಅವರು ನೋಡಿಲ್ಲ, ಅದು ನಿಜವೇ. ಬಾಗಿಲ ಹತ್ತಿರ ಸಿಕ್ಕಾಗ, ‘ನಾನು ಅಷ್ಟು ವಾಂತಿ ಮಾಡದೇ ಇದ್ದಿದ್ದರೆ’ ಎಂದು ಶುರು ಮಾಡಿ ನಿಲ್ಲಿಸಿದರು.

ಮುಂದಿನ ಎಣಿಕೆ ಬರುವ ಜನವರಿಗೆ. ಅಷ್ಟರ ತನಕ ಕೊಲ್ಲಿ ತೆರೆದೇ ಇರುತ್ತದೆ. ಅಪ್ಪ ಸಣ್ಣ ಮೀನನ್ನಾದರೂ ಬಿಟ್ಟು ಬಿಡಲಿ. ನಾನೇ ಬಂದು ಅವರಿಗೆ ಹೇಳಲೇ? ಒಂದು ಮಾತು ಬರೆ.

ನಿನ್ನ
ಸೀಗಡಿ


ಬಂದರಿನ ಮನೆ,
ಜುಲೈ ೧

ಚಿರಂಜೀವಿ ಸೀಗಡಿಗೆ,

ಕೊಲ್ಲಿ ತೆರೆದಿದೆ, ಮೀನಿದೆ ಎಂದು ಲೆಕ್ಕವೇ ಹೇಳಿದೆ ಎಂಬ ಸುದ್ದಿ ಹಬ್ಬಿ, ಬೇರೆ ಬಂದರುಗಳ ಬೋಟುಗಳೂ ಬಂದು ಸೇರಿವೆ. ಬೆಳಗ್ಗೆ ನೋಡಿದರೆ ಕೊಲ್ಲಿ ಬಸ್‌ಸ್ಟ್ಯಾಂಡಿನ ಹಾಗಿರುತ್ತದೆ. ಅಂಗೈಯಗಲದ ಮೀನನ್ನೂ ಯಾರೂ ಬಿಡುತ್ತಿಲ್ಲ. ನೀನು ಬಿಟ್ಟರೆ ನಾನು ಹಿಡಿಯುತ್ತೇನೆ ಎನ್ನುವವರು ಪಕ್ಕದಲ್ಲೇ ಇರುವಾಗ ಯಾರು ಬಿಡುತ್ತಾರೆ? ನಾನು ನಾಲ್ಕು ದಿನ ಬಿಟ್ಟೆ. ನನ್ನ ಬೋಟಿನ ಹುಡುಗರು ಮುಖ ತಿರುಗಿಸಿದರು.

ಬಾ ಎಂದು ಬರೆಯಲು ಕೂತವನು ಇಷ್ಟು ದಿನ ತಡಮಾಡಿದೆ. ಯಾಕೆಂದರೆ ಹೊರಗಿನ ಬೋಟಿನವರ ಹತ್ತಿರ ಅಣ್ಣ, ‘ಈ ಕೊಲ್ಲೀನ ನನ್ನ ಮಗಳು ಎಣಿಸಿದ್ದು’ ಎಂದು ಹೇಳುತ್ತಿದ್ದದ್ದನ್ನು ನನ್ನ ಕಿವಿಯಾರೆ ಕೇಳಿದೆ. ಔಷಧಿಯನ್ನೂ ತೆಗೆದುಕೊಳ್ಳುತ್ತಿದ್ದಾನೆ, ನೀನೇ ಹೇಳಿದ್ದೆಂದು ಅವನಿಗೆ ಗೊತ್ತು.

ನಿನ್ನ ಹೋದ ಸಲದ ಕಾಗದವನ್ನು ಓದು ಎಂದ. ಓದಿದೆ. ನೀನು ಬರೆಯದೇ ಇದ್ದದ್ದನ್ನು ಓದಿದೆ. ನೀನು ಚೆನ್ನಾಗಿದ್ದೀಯ, ಆಫೀಸಿನಲ್ಲಿ ಎಲ್ಲರೂ ಹೊಗಳಿದರು, ರಜೆ ಸಿಕ್ಕಿದ ಕೂಡಲೇ ಬರುತ್ತೀಯ ಎಂದೆಲ್ಲ. ಎಲ್ಲೂ ಮಾತು ಕೂಡಲಿಲ್ಲ ಎಂದು ಅವನು ಹೇಳಲಿಲ್ಲ. ಕಟ್ಟುಕಥೆಯಲ್ಲಿ ನಾನು ಯಾವತ್ತೂ ಸಿಕ್ಕಿಬಿದ್ದವನಲ್ಲ. ನಿಜ ಹೇಳಿದಾಗ ಮಾತ್ರ ಸಿಕ್ಕಿಬೀಳುತ್ತೇನೆ.

ನಿನ್ನ
ಚಿಕ್ಕಪ್ಪ


ಆಫೀಸು,
ಸೆಪ್ಟೆಂಬರ್ ೧೮

ಪ್ರೀತಿಯ ಚಿಕ್ಕಪ್ಪ,

ಯಾಕೆ ಬರೆದಿಲ್ಲ?

ಬಂದರಿನಲ್ಲಿ ಪ್ರತಿ ತಿಂಗಳು ಇಳಿದ ಮೀನಿನ ತೂಕ ನನ್ನ ಮೇಜಿಗೆ ಬರುತ್ತದೆ. ಅಳತೆಯೂ ಬರುತ್ತದೆ. ಎಲ್ಲವೂ ಗೊತ್ತಾಗುತ್ತಿದೆ, ನೋಡುತ್ತಾ ಕೂತಿದ್ದೇನೆ. ನಾನು ಮತ್ತೆ ಮತ್ತೆ ಬರೆದು ಕೊಡುತ್ತೇನೆ. ಜನವರಿ ಬರಲಿ ಎನ್ನುತ್ತಾರೆ. ಅಪ್ಪನ ಸುದ್ದಿ ಮಾತ್ರ ಆ ಹಾಳೆಯಲ್ಲಿ ಇರುವುದಿಲ್ಲ.

ನಿನ್ನ
ಸೀಗಡಿ


ಬಂದರಿನ ಮನೆ,
ನವೆಂಬರ್ ೨೧

ಚಿರಂಜೀವಿ ಸೀಗಡಿಗೆ,

ಬರೆಯದೇ ಇದ್ದದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ಹೇಳಲು ಏನೂ ಇಲ್ಲದೆ ಸುಮ್ಮನಿದ್ದವನಲ್ಲ ನಾನು, ನಿನಗೇ ಗೊತ್ತು.

ಹೊರಗಿನ ಬೋಟುಗಳು ಬಂದ ಹಾಗೇ ಹೋದವು. ನಮ್ಮ ದೊಡ್ಡ ಬೋಟುಗಳೂ ಆಚೆ ಸಮುದ್ರ ಹಿಡಿದಿವೆ. ಕೊಲ್ಲಿಯಲ್ಲಿ ಈಗ ಸಣ್ಣ ದೋಣಿಯವರು ನಾಲ್ಕೈದು ಜನ ಮಾತ್ರ. ಅಣ್ಣ ಸಂಜೆ ಬಲೆ ಬಿಟ್ಟು ಬೆಳಗ್ಗೆ ಎತ್ತಿದರೆ ಏಡಿ, ಪಾಚಿ. ಮೊದಲು ಬಲೆ ಬದಲಾಯಿಸಿದ. ಆಮೇಲೆ ಜಾಗ ಬದಲಾಯಿಸಿದ. ಹೊತ್ತು ಬದಲಾಯಿಸಿದ. ಒಂದು ಬೆಳಗ್ಗೆ ನನ್ನ ಹತ್ತಿರ ಬಂದು ಎರಡೂ ಕೈ ಮುಂದೆ ಚಾಚಿ, ನಡುಗುತ್ತಿದೆಯಾ ನೋಡು ಎಂದ. ನಡುಗುತ್ತಿರಲಿಲ್ಲ ಮಗಳೇ, ಬಂಡೆಯ ಹಾಗಿತ್ತು.

ಆವತ್ತು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಒಂದೂ ಉಪ್ಪುಖಾರ ಹಚ್ಚಲಿಲ್ಲ. ಕೊಲ್ಲಿಯಲ್ಲಿ ಮೀನಿಲ್ಲ, ಆಗಲೂ ಇರಲಿಲ್ಲ, ಇದ್ದ ಹಾಗೆ ಕಾಣಿಸಿದವನು ನಾನು ಎಂದೆ. ನಿನ್ನ ಕಾಗದ ಓದುವಾಗ ಕೂರುತ್ತಾನಲ್ಲ, ಹಾಗೇ ಕೂತು ಪೂರ್ತಿ ಕೇಳಿದ. ಕೇಳಿ, ನನ್ನ ಭುಜ ತಟ್ಟಿದ.

‘ನನ್ನ ಸಮಾಧಾನಕ್ಕೆ ಅವಳ ಲೆಕ್ಕಾನ ಸುಳ್ಳು ಮಾಡ್ಬೇಡ. ಮೀನಿದೆ. ನನಗೆ ಸಿಗ್ತಿಲ್ಲ. ಕೈ ಹೋಯ್ತು, ಅಷ್ಟೇ.’

ಉಳಿದವರಿಗೂ ಸಿಗುತ್ತಿಲ್ಲವಲ್ಲ ಎಂದೆ. ‘ಅವರಿಗೆ ಯಾವತ್ತು ಸಿಕ್ಕಿತ್ತು’ ಎಂದ.

ಇವತ್ತು ದೋಣಿಯನ್ನು ಮೇಲೆ ಎಳೆಸಿ ಮಗುಚಿ ಹಾಕಿದ. ಎಂಜಿನ್ನನ್ನು ಪಕ್ಕದ ದೋಣಿಯವನಿಗೆ ಕೊಟ್ಟ. ಮುಚ್ಚಿದ್ದರೆ ಮೂರು ವರ್ಷ ಕೂತು, ನಿಮ್ಮ ಆಫೀಸನ್ನು ಬೈದುಕೊಂಡಾದರೂ ಇರುತ್ತಿದ್ದ. ಈಗ ಬೈಯಲು ಅವನಿಗೆ ತನ್ನನ್ನು ಬಿಟ್ಟು ಯಾರೂ ಸಿಕ್ಕಿಲ್ಲ.

ನೀನು ಬಂದು ಹೇಳಿದರೆ ನಂಬುತ್ತಾನೆ, ನಿನ್ನ ಮಾತನ್ನು ಮಾತ್ರ ನಂಬುತ್ತಾನೆ. ನಂಬಿದರೆ ಅವನ ಕೈ ಅವನಿಗೆ ವಾಪಸ್ಸು ಬರುತ್ತದೆ, ನಿನ್ನ ಲೆಕ್ಕ ಹೋಗುತ್ತದೆ. ಅವನಿಗೆ ಎರಡರಲ್ಲಿ ಯಾವುದನ್ನು ಉಳಿಸಬೇಕು ಎಂದು ಇಷ್ಟು ದಿನ ಯೋಚಿಸಿದೆ. ಬಾ ಎನ್ನಲೋ ಬೇಡ ಎನ್ನಲೋ ನನಗೆ ತಿಳಿಯುತ್ತಿಲ್ಲ. ನೀನೇ ಹೇಳು ಎಂದು ಓದಿದವಳ ತಲೆಗೆ ಕಟ್ಟುತ್ತಿದ್ದೇನೆ.

ಇಷ್ಟು ಬರೆಯುವಷ್ಟರಲ್ಲಿ ಅವನು ಬಂದು ಎದುರು ಕೂತಿದ್ದಾನೆ. ಯಾರಿಗೆ ಎಂದು ಕೇಳಿದ. ಸೀಗಡಿಗೆ ಎಂದೆ. ದೋಣಿಯ ವಿಷಯ ಬರೆದೆಯಾ ಎಂದ. ಇಲ್ಲ ಎಂದೆ. ಬರೆಯಬೇಡ ಎಂದ. ಆಮೇಲೆ, ನಾನು ಹೇಳಿದ್ದನ್ನು ಬರೆ, ಓದಿ ತೋರಿಸು ಎಂದ. ಈ ನಾಲ್ಕು ವರ್ಷದಲ್ಲಿ ನಿನಗೆ ಅವನು ಹೇಳಿ ಬರೆಸುತ್ತಿರುವುದು ಇದೊಂದೇ. ಬೇಡ ಎನ್ನಲು ನನ್ನಿಂದಾಗಲಿಲ್ಲ. ಕೆಳಗಿನದು ಅವನ ಮಾತು.

ನಾನು ಚೆನ್ನಾಗಿದೀನಿ. ಮೀನು ಚೆನ್ನಾಗಿ ಬೀಳ್ತಿದೆ. ನೀನು ಎಣಿಸಿದ ಹಾಗೇ ಇದೆ.

ಇತಿ,
ನಿನ್ನ ಚಿಕ್ಕಪ್ಪ